ಮೇನ್ ಬೋರ್ಡಿಗೆ ನಮ್ಮ ಮಾತಿನ ಚೀಟಿ

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗಾಗಿ ಹೊರಡುವ ಈ ವಾರ್ತಾಪತ್ರದಲ್ಲಿ ವಿದ್ಯುತ್ತಿನ ಮಾತು ಏಕೆಂದು ಕೆಲವರು ಕೇಳಬಹುದು. ವಚನ, ಷಟ್ಪದಿ, ಹಳಗನ್ನಡ ವ್ಯಾಕರಣ ಇವು ನಮ್ಮ ಅಭ್ಯಾಸಕ್ರಮ. ಮೀಟರು, ಫ್ಯೂಜು, ಮೇನ್ ಸ್ವಿಚ್ಚುಗಳೆಲ್ಲ ಐ.ಟಿ.ಐ. ಕಲಿಯುವವರ ವಿಷಯ ಎಂಬ ಭಾವನೆ ಸಹಜವಾದದ್ದೇ. ನನ್ನ ಅಭಿಪ್ರಾಯ ಬೇರೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡ ಮನೆಗಳಲ್ಲಿ ಮೇನ್ ಬೋರ್ಡಿನ ಯಾವ ಬಟನ್ ಯಾವುದಕ್ಕೆ ಸೇರಿದ್ದು, ಯಾವ ಕಡೆಗೆ ಒತ್ತಿದರೆ ಕರೆಂಟ್ ನಿಲ್ಲುತ್ತದೆ ಎಂಬುದನ್ನು ಆ ಮನೆಯವರು ಆಡುವ ಮಾತಿನಲ್ಲಿಯೇ ಬರೆದು ಅಂಟಿಸಿರಬೇಕು. ಅದನ್ನು ಬರೆಯಲು ವಾಯರಮನ್‌ಗಿಂತ ಕನ್ನಡದ ವಿದ್ಯಾರ್ಥಿ ಹೆಚ್ಚು ಯೋಗ್ಯ. ಏಕೆಂದರೆ ಇಲ್ಲಿ ತೊಡಕಿರುವುದು ತಂತಿಯಲ್ಲಿ ಎಷ್ಟೋ ಅಷ್ಟೇ ಮಾತಿನಲ್ಲಿಯೂ ಇದೆ.

ನಿಮ್ಮ ಮನೆಯ ಬೋರ್ಡನ್ನು ಒಮ್ಮೆ ನೆನಪಿಸಿಕೊಳ್ಳಿ. ಹಳೆಯ ಮನೆಯಾದರೆ ಕಟ್ಟಿಗೆಯ ಹಲಗೆಯ ಮೇಲೆ ಚೀನಿ ಮಣ್ಣಿನ ಫ್ಯೂಜುಗಳು, ಪಕ್ಕದಲ್ಲಿ ಕಬ್ಬಿಣದ ಹಿಡಿಕೆಯ ಮೇನ್ ಸ್ವಿಚ್ಚು. ಹೊಸ ಮನೆಯಾದರೆ ಮುಚ್ಚಳವಿರುವ ಪೆಟ್ಟಿಗೆ, ಅದರೊಳಗೆ ಒಂದೇ ರೂಪಿನ ಆರೋ ಎಂಟೋ ಎಂಸಿಬಿಗಳು. ಅವುಗಳ ಮೇಲೆ ತಯಾರಿಸಿದವರ ಹೆಸರು ಇದೆ, 6, 16, 32 ಎಂಬ ಅಂಕಿಗಳು ಇವೆ. ಅಡುಗೆಮನೆ ಯಾವುದು, ಪಡಸಾಲೆ ಯಾವುದು, ನೀರಿನ ಮೋಟಾರು ಯಾವುದು ಎಂಬ ಒಂದಕ್ಷರವೂ ಇಲ್ಲ. ಅದು ಗೊತ್ತಿದ್ದವನು ಪೆಟ್ಟಿಗೆ ಕೂಡಿಸಿದ ವಾಯರಮನ್. ಅವನು ಈಗ ಪುಣೆಯಲ್ಲಿದ್ದಾನೆ. ಸೊಲ್ಲಾಪುರದ ಪೂರ್ವ ಭಾಗದಲ್ಲಿ ಮನೆಯಲ್ಲಿಯೇ ಪವರ್‌ಲೂಮ್ ಇಟ್ಟವರ ಸ್ಥಿತಿ ಇನ್ನೂ ಕಠಿಣ. ಮಗ್ಗಕ್ಕೆ ಮೂರು ಫೇಸಿನ ಲೈನು, ಮನೆಗೆ ಒಂದು ಫೇಸಿನದು, ಎರಡೂ ಒಂದೇ ಗೋಡೆಯ ಮೇಲೆ.

ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮನೆಯಲ್ಲಿ ನಡೆದದ್ದನ್ನು ನನಗೆ ಹೇಳಿದ. ಅವನ ಕಾಕಾ ಫ್ಯಾನಿನ ರೆಗ್ಯುಲೇಟರ್ ಬದಲಿಸಲು ತಾನೇ ಮೇನ್ ಸ್ವಿಚ್ಚನ್ನು ಕೆಳಗೆ ಎಳೆದು ಬಂದು ಸ್ಟೂಲು ಹತ್ತಿದ್ದ. ಕೆಲಸ ಶುರು ಮಾಡುವ ಮೊದಲು ಮತ್ತೊಮ್ಮೆ ಖಾತ್ರಿ ಮಾಡಿಕೊಳ್ಳೋಣವೆಂದು, ಅಂಗಳದಲ್ಲಿ ಆಡುತ್ತಿದ್ದ ತಮ್ಮನ ಮಗನನ್ನು ಕೂಗಿ, “ಮೇನ್ ತಗದದ ಏನ್ ನೋಡು” ಎಂದ. ಹತ್ತು ವರ್ಷದ ಹುಡುಗ ಬೋರ್ಡಿನ ಬಳಿ ಹೋಗಿ ನೋಡಿದ. ಹಿಡಿಕೆ ಕೆಳಗಿತ್ತು. ಹೊಲದಲ್ಲಿ ನೀರಿನ ವಾಲ್ವ್ ತೆಗೆ ಎಂದರೆ ನೀರು ಬಿಡು ಎಂದೇ ಅವನಿಗೆ ಗೊತ್ತು. ಹಿಡಿಕೆಯನ್ನು ಮೇಲಕ್ಕೆ ಎತ್ತಿ, “ಹೌದ್ರಿ ಕಾಕಾ, ಈಗ ತಗದೀನ್ರಿ” ಎಂದು ಕೂಗಿ ಹೇಳಿದ. ಕಾಕಾ ಸ್ಟೂಲಿನಿಂದ ಎಸೆಯಲ್ಪಟ್ಟು ಮುಂಗೈ ಮುರಿದುಕೊಂಡ. ಜೀವ ಉಳಿಯಿತು.

ಹುಡುಗನದು ತಪ್ಪೆನ್ನಲು ನನಗೆ ಮನಸ್ಸಿಲ್ಲ. ‘ತೆಗೆ’ ಎಂಬ ಧಾತುವನ್ನು ನೋಡಿ. ಬಾಗಿಲು ತೆಗೆ ಎಂದರೆ ತೆರೆ. ಟೊಪ್ಪಿಗೆ ತೆಗೆ ಎಂದರೆ ಕಳಚು. ಲೈಟು ತೆಗೆ ಎಂದರೆ ಆರಿಸು. ಒಂದು ಅರ್ಥದಲ್ಲಿ ಹರಿವು ಮೊದಲಾಗುತ್ತದೆ, ಇನ್ನೊಂದರಲ್ಲಿ ನಿಲ್ಲುತ್ತದೆ. ‘ಹಾಕು’ ಎಂಬುದರ ಕಥೆಯೂ ಹಾಗೆಯೇ: ಫ್ಯಾನು ಹಾಕು ಎಂದರೆ ತಿರುಗಿಸು, ಬಾಗಿಲು ಹಾಕು ಎಂದರೆ ಮುಚ್ಚು. ಶಾಲೆಯ ವಿಜ್ಞಾನ ಪುಸ್ತಕ ಈ ಗೊಂದಲಕ್ಕೆ ಇನ್ನೊಂದು ಸುತ್ತು ಸೇರಿಸುತ್ತದೆ. ಅಲ್ಲಿ ‘ಮುಚ್ಚಿದ ಮಂಡಲ’ ಎಂದರೆ ವಿದ್ಯುತ್ ಹರಿಯುತ್ತಿರುವುದು, ‘ತೆರೆದ ಮಂಡಲ’ ಎಂದರೆ ನಿಂತಿರುವುದು; ಮನೆಯಲ್ಲಿ ‘ಬಂದ್’ ಎಂದರೆ ನಿಂತಿರುವುದು. ಹತ್ತನೆಯ ತರಗತಿಯ ಜಾಣ ಹುಡುಗ ಮತ್ತು ಅವನ ಅಜ್ಜಿ ಒಂದೇ ಬೋರ್ಡಿನ ಮುಂದೆ ನಿಂತು ‘ಮುಚ್ಚು’ ಎಂಬ ಶಬ್ದಕ್ಕೆ ವಿರುದ್ಧ ಅರ್ಥ ಮಾಡಿಕೊಳ್ಳಬಲ್ಲರು. ನಾನಾರ್ಥಗಳು ಕಾವ್ಯಕ್ಕೆ ಶೋಭೆ ತರುತ್ತವೆ, ಶ್ಲೇಷೆಯ ಪಾಠದಲ್ಲಿ ಅವನ್ನು ನಾವು ಮೆಚ್ಚಿ ಓದುತ್ತೇವೆ. 230 ವೋಲ್ಟಿನ ಎದುರಿಗೆ ಶ್ಲೇಷೆ ಬೇಡ.

ಆದ್ದರಿಂದ ಚೀಟಿಯ ಮೇಲೆ ಏನು ಬರೆಯಬೇಕು? ನನ್ನ ಉತ್ತರ ಶುದ್ಧ ಕನ್ನಡದ ಪಕ್ಷಪಾತಿಗಳಿಗೆ ರುಚಿಸಲಿಕ್ಕಿಲ್ಲ: ‘ಚಾಲೂ’ ಮತ್ತು ‘ಬಂದ್’. ಈ ಜೋಡಿ ಮರಾಠಿಯಲ್ಲಿಯೂ ಇದೆ, ನಮ್ಮ ಭಾಗದ ಕನ್ನಡದಲ್ಲಿಯೂ ತಲೆಮಾರುಗಳಿಂದ ಇದೆ. ಗಿರಣಿ ಚಾಲೂ ಇದೆ, ಅಂಗಡಿ ಬಂದ್ ಇದೆ ಎಂದಾಗ ಯಾರೂ ಎರಡನೆಯ ಅರ್ಥ ಹುಡುಕುವುದಿಲ್ಲ. ನಾನು ಓದಿದ್ದು ಮರಾಠಿ ಮತ್ತು ಕನ್ನಡ ಎರಡೂ ಭಾಷೆಗಳ ಶಾಲೆಗಳಲ್ಲಿ. ಆ ಓದು ಕೊಟ್ಟ ಲಾಭಗಳಲ್ಲಿ ಇದೂ ಒಂದು: ಎರಡು ಭಾಷೆಗಳು ಒಂದೇ ಶಬ್ದವನ್ನು ಒಂದೇ ಅರ್ಥದಲ್ಲಿ ಹಿಡಿದಿದ್ದರೆ ಆ ಶಬ್ದ ಎಷ್ಟು ಗಟ್ಟಿ ಎಂಬುದು ತಿಳಿಯುತ್ತದೆ. ಹಾಗೆ ಹಿಡಿಯದ ಶಬ್ದಗಳೂ ಇವೆ. ಮರಾಠಿಯ ಫಲಕದ ಮೇಲೆ ‘ಧೋಕಾ’ ಎಂದರೆ ಅಪಾಯ. ನಮ್ಮ ಹಳ್ಳಿಯ ಹಿರಿಯರಿಗೆ ಧೋಕಾ ಎಂದರೆ ಮೊದಲು ಹೊಳೆಯುವುದು ಮೋಸ. ಮರಾಠಿಯಲ್ಲಿ ‘ವೀಜ್’ ಎಂಬ ಒಂದೇ ಪದ ಆಕಾಶದ ಮಿಂಚಿಗೂ ಗೋಡೆಯ ಕರೆಂಟಿಗೂ ಸಲ್ಲುತ್ತದೆ. ನಾವು ಮಿಂಚನ್ನು ಆಕಾಶದಲ್ಲಿಯೇ ಬಿಟ್ಟು ಮನೆಗೆ ಸಂಸ್ಕೃತದ ವಿದ್ಯುತ್ತನ್ನು ತಂದೆವು. ಆದರೆ ಆಡುವಾಗ ‘ಲೈಟು’ ಎನ್ನುತ್ತೇವೆ.

‘ಲೈಟ್ ಹೋತು’ ಎಂಬ ನಮ್ಮ ನಿತ್ಯದ ಮಾತಿನ ಬಗೆಗೂ ಒಂದು ಎಚ್ಚರ ಬೇಕು. ಇದು ಅಕರ್ಮಕ ಕ್ರಿಯೆ. ಹೋದದ್ದು ತಾನಾಗಿ ಹೋಯಿತು, ನಾವು ಕಳಿಸಲಿಲ್ಲ. ಆದ್ದರಿಂದ ತಾನಾಗಿ ಬರಲೂಬಹುದು. ಆದರೂ ನಮ್ಮಲ್ಲಿ ಬಹಳ ಜನ ಹೋಲ್ಡರ್ ಬದಲಿಸಲು, ಪ್ಲಗ್ ಬಿಗಿ ಮಾಡಲು ಲೈಟು ಹೋಗುವ ಹೊತ್ತನ್ನೇ ಕಾಯುತ್ತಾರೆ. ‘ಹೇಗೂ ಲೈಟಿಲ್ಲ’ ಎಂದು ಮೇನ್ ಮುಟ್ಟದೆ ಕೆಲಸಕ್ಕೆ ಇಳಿಯುತ್ತಾರೆ. ಲೈನು ಮರಳಿ ಬರುವಾಗ ಯಾರನ್ನೂ ಕೇಳಿ ಬರುವುದಿಲ್ಲ. ಹೋದದ್ದಕ್ಕೂ ಬಂದ್ ಮಾಡಿದ್ದಕ್ಕೂ ಇರುವ ಅಂತರ ಅಕರ್ಮಕ ಸಕರ್ಮಕಗಳ ಅಂತರವೇ. ವ್ಯಾಕರಣದ ತಾಸಿನಲ್ಲಿ ಈ ಉದಾಹರಣೆಯನ್ನು ನಾನು ಕೊಡುತ್ತ ಬಂದಿದ್ದೇನೆ, ಮುಂದೆಯೂ ಕೊಡುತ್ತೇನೆ.

ಭಾಷೆಯ ಈ ಪ್ರಶ್ನೆಯನ್ನು ಕಾನೂನು ಮರೆತಿಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ, ಬಳಿಕ ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಮಾಡಿದ ಸುರಕ್ಷತಾ ವಿನಿಯಮಗಳಲ್ಲಿ, 250 ವೋಲ್ಟಿಗಿಂತ ಹೆಚ್ಚಿನ ಸ್ಥಾವರಗಳ ಮೇಲೆ ತಲೆಬುರುಡೆ ಮತ್ತು ಎಲುಬುಗಳ ಚಿತ್ರದೊಡನೆ ಅಪಾಯದ ಫಲಕ ಇರಬೇಕೆಂದು ಹೇಳಿದೆ. ಫಲಕದ ಭಾಷೆ ಹಿಂದಿ ಅಥವಾ ಇಂಗ್ಲಿಷ್, ಅದರೊಡನೆ ಜಿಲ್ಲೆಯ ಸ್ಥಳೀಯ ಭಾಷೆ. ಒಳ್ಳೆಯ ನಿಯಮ. ನಮ್ಮ ಊರಿನ ಡಿಪಿಯ ಮೇಲೆ ಮರಾಠಿ ಇರುವುದು ಅದಕ್ಕೆ ತಕ್ಕದ್ದೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಜಿಲ್ಲೆಯ ಭಾಷೆ ಬೇರೆ, ಮನೆಯ ಭಾಷೆ ಬೇರೆ ಆಗಿರುವ ಹಳ್ಳಿಗಳು ನಮ್ಮಲ್ಲಿವೆ. ಮನೆಯ ಒಂದು ಫೇಸಿನ ಬೋರ್ಡು 250 ವೋಲ್ಟಿನ ಒಳಗಿನದು. ಅಲ್ಲಿಗೆ ಆ ಫಲಕದ ನಿಯಮ ತಲುಪುವುದಿಲ್ಲ. ಅಲ್ಲಿ ಬರೆಯಬೇಕಾದವರು ಮನೆಯವರೇ.

ಬರೆಯಲು ಬೋರ್ಡು ಮಾಡುವ ಕೆಲಸ ತಿಳಿದಿರಬೇಕು. ಕಂಬದಿಂದ ಬಂದ ತಂತಿ ಮೀಟರಿಗೆ, ಮೀಟರಿನಿಂದ ಮೇನ್ ಸ್ವಿಚ್ಚಿಗೆ, ಅಲ್ಲಿಂದ ಫ್ಯೂಜು ಅಥವಾ ಎಂಸಿಬಿಗಳಿಗೆ, ಅವುಗಳಿಂದ ಖೋಲಿಖೋಲಿಗೆ ಹೋಗುತ್ತದೆ. ಇದರಲ್ಲಿ ಮೊದಲು ತಿಳಿಯಬೇಕಾದದ್ದು: ಮೇನ್ ಬಂದ್ ಮಾಡಿದರೂ ಮೇನ್ ಸ್ವಿಚ್ಚಿಗೆ ಬಂದು ಸೇರುವ ತಂತಿಯಲ್ಲಿ ಕರೆಂಟ್ ಇದ್ದೇ ಇರುತ್ತದೆ. ಪೆಟ್ಟಿಗೆಯ ಮುಚ್ಚಳದೊಳಗೆ ಸಂಪೂರ್ಣ ನಿರ್ಜೀವವಾದ ಹೊತ್ತು ಮನೆಯವರ ಪಾಲಿಗೆ ಇಲ್ಲ. ಅದಕ್ಕಾಗಿಯೇ ಮುಚ್ಚಳದ ಸ್ಕ್ರೂ ಬಿಚ್ಚುವ ಕೆಲಸ ಪರವಾನಗಿಯುಳ್ಳ ವಾಯರಮನ್‌ನದು. ನಿಯಮವೂ ಇದೇ ಗೆರೆ ಎಳೆದಿದೆ. ಬಲ್ಬು, ಫ್ಯಾನು, ಫ್ಯೂಜು, ಸ್ವಿಚ್ಚುಗಳನ್ನು ಇದ್ದ ಸಾಮರ್ಥ್ಯಕ್ಕೇ ಬದಲಿಸುವುದನ್ನು ಬಿಟ್ಟು ಉಳಿದ ಕೆಲಸವೆಲ್ಲ ಪರವಾನಗಿ ಪಡೆದವರ ಮೂಲಕವೇ ಆಗಬೇಕು.

ಎರಡನೆಯದು ಎಂಸಿಬಿಯ ಮೇಲಿನ ಅತಿ ವಿಶ್ವಾಸ. ಎಂಸಿಬಿ ಇದೆ, ಶಾಕ್ ಹೊಡೆದರೆ ತಾನೇ ಬೀಳುತ್ತದೆ ಎಂದು ಓದಿದವರೂ ಹೇಳುತ್ತಾರೆ. ಲೆಕ್ಕ ಮಾಡಿ ನೋಡಿ. ಮನುಷ್ಯನ ಶರೀರದ ತಡೆಯನ್ನು 1000 ಓಮ್ ಎಂದು ಹಿಡಿದರೆ 230 ವೋಲ್ಟಿಗೆ ಅದರೊಳಗೆ ಹರಿಯುವುದು 230 ಮಿಲಿ ಆಂಪಿಯರ್, ಅಂದರೆ ಒಂದು ಆಂಪಿಯರಿನ ಕಾಲು ಭಾಗಕ್ಕೂ ಕಡಿಮೆ. 6 ಆಂಪಿಯರಿನ ಎಂಸಿಬಿಗೆ ಅದು ಒಂದು ಬಲ್ಬು ಉರಿದಷ್ಟೇ. ಅದು ಅಲ್ಲಾಡುವುದಿಲ್ಲ, ಮನುಷ್ಯ ಸಾಯುತ್ತಾನೆ. ಎಂಸಿಬಿ ಇರುವುದು ತಂತಿ ಕಾಯ್ದು ಬೆಂಕಿ ಹತ್ತದಂತೆ ನೋಡಿಕೊಳ್ಳಲು. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಹಳಬರು ಇಎಲ್‌ಸಿಬಿ ಎನ್ನುತ್ತಾರೆ. 30 ಮಿಲಿ ಆಂಪಿಯರಿನಷ್ಟು ಕರೆಂಟ್ ದಾರಿ ತಪ್ಪಿ ನೆಲಕ್ಕೆ ಸೋರಿದರೂ ಅದು ಕ್ಷಣದೊಳಗೆ ಬೀಳುತ್ತದೆ. ಅದರ ಮೇಲೆ ‘ಟಿ’ ಎಂದು ಬರೆದ ಚಿಕ್ಕ ಬಟನ್ ಇರುತ್ತದೆ. ತಿಂಗಳಿಗೊಮ್ಮೆ ಅದನ್ನು ಒತ್ತಿದರೆ ಇಡೀ ಮನೆಯ ಕರೆಂಟ್ ಹೋಗಬೇಕು. ಹೋಗದಿದ್ದರೆ ಆ ಯಂತ್ರ ಸತ್ತಿದೆ. ಎಷ್ಟೋ ಮನೆಗಳಲ್ಲಿ ಆ ಬಟನ್ ಒಮ್ಮೆಯೂ ಯಾರ ಬೆರಳನ್ನೂ ಕಂಡಿರುವುದಿಲ್ಲ, ಏಕೆಂದರೆ ಅದೇನೆಂದು ಬರೆದಿಲ್ಲ. ಒಬ್ಬ ಮನುಷ್ಯ ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದರೆ ಆರ್‌ಸಿಸಿಬಿಯೂ ಕಾಪಾಡಲಾರದು. ಅದು ಅವನನ್ನೂ ಒಂದು ದೀಪವೆಂದೇ ತಿಳಿಯುತ್ತದೆ.

ಮೂರನೆಯದು ಇನ್ವರ್ಟರ್. ಬೇಸಿಗೆಯಲ್ಲಿ ಲೈಟಿನ ಕಾಟ ತಾಳದೆ ಈಗ ಹಳ್ಳಿಹಳ್ಳಿಗೂ ಅದು ಬಂದಿದೆ. ಮೇನ್ ಬಂದ್ ಮಾಡಿದ ಕೂಡಲೇ ಇನ್ವರ್ಟರ್ ತನ್ನ ಪಾಲಿನ ತಂತಿಗಳಿಗೆ ಬ್ಯಾಟರಿಯಿಂದ ಕರೆಂಟ್ ಕೊಡಲು ಮೊದಲು ಮಾಡುತ್ತದೆ, ಅದೂ ಹೆಚ್ಚು ಕಡಿಮೆ ಅದೇ 230 ವೋಲ್ಟಿನದು. ಮೇನ್ ಬಂದ್ ಇದೆಯೆಂದು ನಂಬಿ ಫ್ಯಾನಿಗೆ ಕೈ ಹಾಕಿದವನಿಗೆ ಶಾಕ್ ಹೊಡೆದರೆ ಆಶ್ಚರ್ಯವಿಲ್ಲ. ಇನ್ವರ್ಟರಿನ ಬಟನ್ ಎಲ್ಲಿದೆ ಎಂಬುದೂ ಚೀಟಿಯಲ್ಲಿ ಬರಲೇಬೇಕು.

ಟೆಸ್ಟರ್ ಬಗ್ಗೆಯೂ ಎರಡು ಮಾತು ಹೇಳಬೇಕು. ಅದು ಉರಿದರೆ ಕರೆಂಟ್ ಇದೆಯೆಂದು ತಿಳಿಯಿರಿ. ಉರಿಯದಿದ್ದರೆ ಇಲ್ಲವೆಂದು ತಿಳಿಯಬೇಡಿ. ಒಣ ಕಟ್ಟಿಗೆಯ ಸ್ಟೂಲಿನ ಮೇಲೆ ರಬ್ಬರ್ ಚಪ್ಪಲಿ ಹಾಕಿ ನಿಂತಾಗ ಅದು ಮಂದವಾಗಬಹುದು, ಬಿಸಿಲಲ್ಲಿ ಅದರ ಬೆಳಕು ಕಾಣದೆ ಹೋಗಬಹುದು, ಕೆಟ್ಟಿರಲೂಬಹುದು. ಮೊದಲು ಕರೆಂಟ್ ಇರುವುದು ಗೊತ್ತಿರುವ ಪ್ಲಗ್ಗಿನಲ್ಲಿ ಹಿಡಿದು ಉರಿಯುವುದೇ ನೋಡಬೇಕು, ಬಂದ್ ಮಾಡಿದ ಮೇಲೆ ಕೆಲಸದ ಜಾಗದಲ್ಲಿ ಹಿಡಿಯಬೇಕು, ಮತ್ತೆ ಕರೆಂಟ್ ಇರುವ ಒಂದು ಕಡೆ ಹಿಡಿದು ಟೆಸ್ಟರ್ ನಡುವೆ ಸಾಯಲಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಎಲ್ಲವೂ ಬಂದ್ ಇರುವಾಗ ಈ ಕೊನೆಯ ಪರೀಕ್ಷೆಗೆ ಪಕ್ಕದ ಮನೆಯ ಪ್ಲಗ್ಗೇ ಗತಿ. ಇರಲಿ, ನೆರೆಹೊರೆ ಇರುವುದು ಇಂಥದ್ದಕ್ಕೇ.

ನಮ್ಮ ಕರಿ ಮಣ್ಣಿನ ಸೀಮೆಗೆ ವಿಶೇಷವಾದ ಸಂಗತಿಯೊಂದಿದೆ. ಅರ್ಥಿಂಗಿನ ಸಳಿಯನ್ನೋ ಪಟ್ಟಿಯನ್ನೋ ನೆಲದಲ್ಲಿ ಹುಗಿದಿರುತ್ತಾರೆ. ಹಸಿ ಇರುವಾಗ ಎರೆಮಣ್ಣು ಕರೆಂಟಿಗೆ ಒಳ್ಳೆಯ ದಾರಿ. ಏಪ್ರಿಲ್, ಮೇ ತಿಂಗಳಲ್ಲಿ ಅದೇ ಮಣ್ಣು ಒಣಗಿ, ಕುಗ್ಗಿ, ಬಿರುಕು ಬಿಡುತ್ತದೆ. ಲೋಹಕ್ಕೂ ಮಣ್ಣಿಗೂ ಸಂಬಂಧ ಸಡಿಲಾಗುತ್ತದೆ, ಅರ್ಥಿಂಗ್ ಹೆಸರಿಗಷ್ಟೇ ಉಳಿಯುತ್ತದೆ. ಕೂಲರ್ ಹಚ್ಚುವ ಕಾಲವೂ ಅದೇ. ತಗಡಿನ ಕೂಲರ್, ಅದರೊಳಗೆ ನೀರು, ಒದ್ದೆ ನೆಲ, ಬರಿಗಾಲು. ಚೀಟಿಯ ಕೆಳಗೆ ‘ಬ್ಯಾಸಿಗ್ಯಾಗ ಅರ್ಥಿಂಗ್ ಕುಣಿಗೆ ನೀರು ಹಾಕರಿ’ ಎಂದು ಬರೆದರೆ ಅದು ಸಾಹಿತ್ಯವಾಗಲಿಕ್ಕಿಲ್ಲ, ಆದರೆ ಓದುವವರು ಇದ್ದಾರೆ.

ಈಗ ವಾಕ್ಯರಚನೆಗೆ ಬರುತ್ತೇನೆ. ನನ್ನ ಆಸಕ್ತಿ ಹೆಚ್ಚಾಗಿ ಇಲ್ಲಿಯೇ. ಸೂಚನೆಗಳ ಕನ್ನಡ ಎಂದರೆ ‘ಸ್ಪರ್ಶಿಸತಕ್ಕದ್ದಲ್ಲ’, ‘ನಿಷೇಧಿಸಲಾಗಿದೆ’ ಎಂಬ ಕಚೇರಿ ಕನ್ನಡವೆಂದು ನಾವು ರೂಢಿ ಮಾಡಿಕೊಂಡಿದ್ದೇವೆ. ನಿಷೇಧಿಸಿದವರು ಯಾರು, ಯಾರಿಗೆ ಎಂಬುದೇ ಅದರಲ್ಲಿ ಇಲ್ಲ. ಇನ್ನೊಂದು ದೋಷ ಇಂಗ್ಲಿಷಿನಿಂದ ಸಾಲುಸಾಲಾಗಿ ತಂದದ್ದು: ‘ಮುಚ್ಚಳವನ್ನು ತೆಗೆಯಬೇಡಿ, ಮೇನ್ ಬಂದ್ ಮಾಡುವವರೆಗೆ’. ಗಾಬರಿಯಲ್ಲಿ ಓದುವವನು ಮೊದಲೆರಡು ಶಬ್ದಕ್ಕೇ ಕೈ ಚಾಚಿರುತ್ತಾನೆ. ಕನ್ನಡಕ್ಕೆ ಸಹಜವಾದ ಕ್ರಮದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಷರತ್ತು ಮೊದಲು ಬರುತ್ತದೆ. ‘ಮೇನ್ ಬಂದ್ ಮಾಡಿದ ಮೇಲೆ ಫ್ಯೂಜ್ ಮುಟ್ಟರಿ.’ ಓದುವ ಕಣ್ಣು ‘ಮುಟ್ಟರಿ’ಗೆ ತಲುಪುವ ಮೊದಲೇ ಮೇನ್ ಬಂದ್ ಆಗಿರಬೇಕಾದ ಮಾತು ಮುಗಿದಿರುತ್ತದೆ. ಕೆಲಸದ ಕ್ರಮವೂ ವಾಕ್ಯದ ಕ್ರಮವೂ ಒಂದೇ. ಇಂಥ ಅನುಕೂಲ ಇರುವ ಭಾಷೆಯನ್ನು ಕೈಯಲ್ಲಿಟ್ಟುಕೊಂಡು ಅನುವಾದದ ವಾಕ್ಯಗಳನ್ನು ಗೋಡೆಗೆ ಅಂಟಿಸುವುದು ನನಗೆ ಅಪರಾಧವೆಂದೇ ತೋರುತ್ತದೆ. ಹಾಗೆಂದು ‘ಹೋಗಿ, ಬಂದ್ ಮಾಡಿ, ನೋಡಿ, ತೆಗೆದು, ಹಾಕಿ’ ಎಂದು ಭೂತಕೃದಂತಗಳ ಮಾಲೆ ಕಟ್ಟುವುದೂ ಬೇಡ. ನಡುವಿನ ಒಂದು ಮಣಿ ಜಾರಿದರೆ ತಿಳಿಯುವುದಿಲ್ಲ. ಒಂದು ಕೆಲಸಕ್ಕೆ ಒಂದು ವಾಕ್ಯ.

ಖೋಲಿಗಳ ಹೆಸರಿನಲ್ಲಿಯೂ ಪಾಂಡಿತ್ಯ ಬೇಡ. ಮನೆಯವರು ‘ಅಡಗಿ ಮನಿ’ ಎನ್ನುತ್ತಿದ್ದರೆ ಅದನ್ನೇ ಬರೆಯಿರಿ, ‘ಪಾಕಶಾಲೆ’ ಬೇಡ. ಎಂಸಿಬಿ, ಆರ್‌ಸಿಸಿಬಿಗಳಿಗೆ ಪಾರಿಭಾಷಿಕ ಪದ ಹುಟ್ಟಿಸಲು ಹೋಗಬೇಡಿ. ಅಂಗಡಿಯವನು ಯಾವ ಹೆಸರಿನಿಂದ ಕೊಡುತ್ತಾನೋ ಅದೇ ಹೆಸರು. ಒಂದು ಮೂಲೆಯಲ್ಲಿ ದೇವನಾಗರಿಯಲ್ಲಿಯೂ ಬರೆಯಿರಿ. ದುರಸ್ತಿಗೆ ಬರುವ ವಾಯರಮನ್ ಮರಾಠಿ ಓದುತ್ತಾನೆ, ಶಾಲೆಗೆ ಹೋಗುವ ತಂಗಿಯೂ ಮರಾಠಿ ಮಾಧ್ಯಮದವಳಿರಬಹುದು. ನಮ್ಮ ಮನೆಗಳು ಎರಡು ಲಿಪಿಯ ಮನೆಗಳು, ಚೀಟಿಯೂ ಹಾಗೆಯೇ ಇರಲಿ. ಕನ್ನಡವನ್ನು ಉಳಿಸುವ ಮಾತಾಡುವಾಗ ನಾವು ಸಮ್ಮೇಳನದ ವೇದಿಕೆಯನ್ನೇ ನೆನೆಯುತ್ತೇವೆ. ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ಓದುವ ಎರಡು ಸಾಲು ಅದಕ್ಕಿಂತ ಕಡಿಮೆಯೆಂದು ನಾನು ಒಪ್ಪಲಾರೆ.

ಜನರಿಗೆ ಇಷ್ಟೆಲ್ಲ ತಿಳಿಸಿದರೆ ಇನ್ನಷ್ಟು ಧೈರ್ಯದಿಂದ ಕೈ ಹಾಕಿಯಾರು ಎಂದು ವಿಜ್ಞಾನ ವಿಭಾಗದ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಅವರ ಆತಂಕ ಸುಳ್ಳಲ್ಲ. ಆದರೆ ಈಗ ಕೈ ಹಾಕುತ್ತಿರುವವರು ತಿಳಿದವರಲ್ಲ. ಫ್ಯೂಜಿನ ತಂತಿ ಸುಟ್ಟಾಗ ವಾಯರಿನೊಳಗಿನ ತಾಮ್ರದ ಎಳೆಗಳನ್ನೇ ಎರಡು ಮೂರು ಸುತ್ತು ಬಿಗಿದು ‘ಇನ್ನು ಹೋಗಂಗಿಲ್ಲ’ ಎನ್ನುವವರು ಮನೆಮನೆಗೂ ಇದ್ದಾರೆ. ಅದು ಹೋಗುವುದಿಲ್ಲ ನಿಜ. ಮುಂದಿನ ಸಲ ಸುಡುವುದು ಫ್ಯೂಜಲ್ಲ, ಗೋಡೆಯೊಳಗಿನ ತಂತಿ. ನಮ್ಮ ದೇಶದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ವಿದ್ಯುತ್ ಆಘಾತದಿಂದ ಸಾಯುತ್ತಾರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ವರದಿಗಳು ಹೇಳುತ್ತವೆ. ಯಾವುದನ್ನು ಮುಟ್ಟಬಾರದು ಎಂಬ ತಿಳಿವು ಬಂದಾಗಲೇ ಕೈ ಹಿಂದೆ ಸರಿಯುತ್ತದೆ.

ಚೀಟಿ ಬರೆಯುವ ಕೆಲಸಕ್ಕೆ ಸ್ಕ್ರೂ ಡ್ರೈವರ್ ಬೇಡ, ಮುಚ್ಚಳದ ಸ್ಕ್ರೂ ಬಿಚ್ಚುವುದೂ ಬೇಡ. ಹಗಲು ಹೊತ್ತಿನಲ್ಲಿ, ಒಣ ಕೈಯಿಂದ, ಚಪ್ಪಲಿ ಹಾಕಿಕೊಂಡು ಮಾಡಿ. ಮೊದಲು ಫ್ರಿಜ್, ಟಿ.ವಿ.ಗಳ ಪ್ಲಗ್ ಕಳಚಿ. ಎಲ್ಲ ಎಂಸಿಬಿಗಳನ್ನು ಬಂದ್ ಮಾಡಿ. ಆಗಲೂ ಯಾವುದಾದರೂ ದೀಪ, ಫ್ಯಾನು ನಡೆಯುತ್ತಿದ್ದರೆ ಅದು ಇನ್ವರ್ಟರಿನದು. ಅದನ್ನು ಕೆಂಪು ಶಾಯಿಯಲ್ಲಿ ಬರೆದುಕೊಳ್ಳಿ. ಬಳಿಕ ಒಂದೊಂದೇ ಎಂಸಿಬಿ ಚಾಲೂ ಮಾಡುತ್ತ ಹೋಗಿ. ಮನೆಯ ಇನ್ನೊಬ್ಬರು ಖೋಲಿಖೋಲಿಗೂ ಹೋಗಿ ಯಾವುದು ಹತ್ತಿತು ಎಂದು ಕೂಗಿ ಹೇಳಲಿ. ಎರಡು ಖೋಲಿಗಳಿಗೆ ಒಂದೇ ಎಂಸಿಬಿ, ಒಂದೇ ಖೋಲಿಗೆ ಎರಡು ಎಂಸಿಬಿ ಇರುವುದು ಕಂಡರೆ ಬೆರಗಾಗಬೇಡಿ, ಇದ್ದಂತೆಯೇ ಬರೆಯಿರಿ. ಇದೇ ಕಾರಣಕ್ಕೆ, ಚೀಟಿ ಇದ್ದರೂ ಹೋಲ್ಡರ್, ಫ್ಯಾನು, ಸ್ವಿಚ್ಚಿನ ಯಾವ ಕೆಲಸಕ್ಕೂ ಬರೀ ಆ ಖೋಲಿಯ ಎಂಸಿಬಿ ನಂಬಬಾರದು. ಒಂಟಿ ಎಂಸಿಬಿ ಕಡಿಯುವುದು ಒಂದೇ ತಂತಿಯನ್ನು. ಎಲ್ಲೋ ಫೇಸು ನ್ಯೂಟ್ರಲ್ಲುಗಳು ಅದಲು ಬದಲಾಗಿದ್ದರೆ ದೀಪ ಆರಿರುತ್ತದೆ, ಕರೆಂಟ್ ಇರುತ್ತದೆ. ಮೇನ್ ಮತ್ತು ಇನ್ವರ್ಟರ್ ಎರಡನ್ನೂ ಬಂದ್ ಮಾಡಬೇಕು, ಬೋರ್ಡಿನ ಬಳಿ ‘ಕೆಲಸ ನಡದದ, ಚಾಲೂ ಮಾಡಬ್ಯಾಡರಿ’ ಎಂಬ ಇನ್ನೊಂದು ಚೀಟಿ ತೂಗಬಿಡಬೇಕು, ಸಾಧ್ಯವಾದರೆ ದೊಡ್ಡವರೊಬ್ಬರನ್ನು ಅಲ್ಲಿಯೇ ನಿಲ್ಲಿಸಬೇಕು.

ಚೀಟಿಯ ಕೆಳಭಾಗದಲ್ಲಿ ದಪ್ಪ ಅಕ್ಷರದಲ್ಲಿ ಇಷ್ಟು ಇರಲಿ: ‘ಯಾರಿಗಾದರೂ ಕರೆಂಟ್ ಹಿಡದರ ಅವರನ್ನ ಮುಟ್ಟಬ್ಯಾಡರಿ. ಮೊದಲು ಮೇನ್ ಬಂದ್ ಮಾಡರಿ. ಇನ್ವರ್ಟರ್ ಬಂದ್ ಮಾಡರಿ. ಆಗದಿದ್ದರ ಒಣ ಕಟ್ಟಿಗಿಲೆ ದೂರ ಸರಸರಿ.’ ಅದರ ಪಕ್ಕದಲ್ಲಿ 112 ಮತ್ತು ವಿದ್ಯುತ್ ದೂರಿನ 1912. ಬೋರ್ಡಿಗೆ ಬೆಂಕಿ ಹತ್ತಿದರೆ ನೀರು ಹಾಕಬಾರದೆಂಬುದನ್ನೂ ಸೇರಿಸಿ.

ದೀಪಾವಳಿ ರಜೆಗೆ ಊರಿಗೆ ಹೋಗುವವರು ತಮ್ಮ ಮನೆಯ ಚೀಟಿಯನ್ನು ಬರೆದು, ಪೆಟ್ಟಿಗೆಯ ಮುಚ್ಚಳಕ್ಕೆ ಅಥವಾ ಬೋರ್ಡಿನ ಪಕ್ಕದ ಗೋಡೆಗೆ ಅಂಟಿಸಿ, ಅದರ ಒಂದು ಪ್ರತಿಯನ್ನು ವಿಭಾಗಕ್ಕೆ ತಂದು ಕೊಡಿ. ನೀರು ತಾಗಿದರೆ ಹರಡದ ಶಾಯಿ ಇರಲಿ. ಬರೆದ ದಿನಾಂಕ ಹಾಕಿರಿ. ಹೊಸ ಲೈನು ಎಳೆಸಿದ ದಿನ ಹಳೆಯ ಚೀಟಿ ಕಿತ್ತು ಹೊಸದು ಬರೆಯಬೇಕಾಗುತ್ತದೆ. ನಿಮ್ಮ ಮನೆಯಲ್ಲಿ ‘ಚಾಲೂ’, ‘ಬಂದ್’ಗಳ ಬದಲು ಬೇರೆ ಶಬ್ದಗಳು ನಡೆಯುತ್ತಿದ್ದರೆ ಅವನ್ನೇ ಬರೆದು, ಪ್ರತಿಯ ಹಿಂಬದಿಗೆ ಊರಿನ ಹೆಸರು ನಮೂದಿಸಿ. ಆ ಶಬ್ದಗಳು ನನಗೆ ಬೇಕಾಗಿವೆ.